ರುಖವತ್ತಿನ ಮಾವಿಗೆ ಹಿಡಿಕೆ ಹಚ್ಚಿದ್ದು

1942ರ ಜನವರಿಯಲ್ಲಿ ನಾನು ಗೋಕಾಕದ ಒಂದು ಗೊಂಬೆ ವ್ಯಾಪಾರದ ಪೇಢಿಗೆ ಡ್ರಾಯಿಂಗ್ ಕ್ಲಾರ್ಕ್ ಆಗಿ ಸೇರಿದೆ. ಐದು ತಿಂಗಳು ಅಲ್ಲಿದ್ದೆ. ಪುಣೆಯಲ್ಲಿ ಬಿ.ಎ. ಮುಗಿಸಿದ್ದೆ, ಜೊತೆಗೆ ಮುಂಬಯಿ ಸರಕಾರದ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೇಟ್ ಡ್ರಾಯಿಂಗ್ ಪರೀಕ್ಷೆಗಳನ್ನು ಪಾಸು ಮಾಡಿದ್ದೆ. ಆ ಕೆಲಸ ನನಗೆ ಏಕೆ ಬೇಕಾಯಿತು ಎಂಬುದಕ್ಕೂ ಈ ಬರಹಕ್ಕೂ ಸಂಬಂಧವಿಲ್ಲ. ಪೇಢಿಯ ಹೆಸರನ್ನಾಗಲಿ ಅದರ ಸಾಹುಕಾರರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಹೆಸರು ಬರೆದರೆ ಓದುವವರು ತಪ್ಪೆಲ್ಲ ಆ ಒಬ್ಬರದೇ ಎಂದುಕೊಂಡು ಪುಟ ತಿರುವುತ್ತಾರೆ. ಅಷ್ಟು ಸುಲಭವಾಗಿ ಪುಟ ತಿರುವುವುದು ನನಗೆ ಬೇಡ.

ಯುದ್ಧ ನಡೆದಿತ್ತು. ಜರ್ಮನಿಯ ತಗಡಿನ ಗೊಂಬೆಗಳು ಬರುವುದು ಮೊದಲೇ ನಿಂತಿತ್ತು. ಈಗ ಜಪಾನಿನ ಸೆಲ್ಯುಲಾಯಿಡ್ ಸಾಮಾನುಗಳೂ ನಿಂತವು. ಮುಂಬಯಿ, ಪುಣೆಯ ಅಂಗಡಿಗಳಲ್ಲಿ ಕೂಸಿನ ಕೈಗೆ ಕೊಡುವಂಥ ವಸ್ತುವೇ ಇರಲಿಲ್ಲ. ಆ ತೆರವನ್ನು ಗೋಕಾಕದ ಹಣ್ಣುಗಳಿಂದ ತುಂಬಬಹುದು ಎಂದು ಸಾಹುಕಾರರಿಗೆ ಹೊಳೆಯಿತು. ಹೊಳೆದದ್ದರಲ್ಲಿ ತಪ್ಪಿರಲಿಲ್ಲ. ಅದನ್ನು ಕಾಗದದ ಮೇಲೆ ಇಳಿಸಲು ನನ್ನನ್ನು ನೇಮಿಸಿಕೊಂಡರು.

ಗೋಕಾಕದ ಹಣ್ಣುಗಳನ್ನು ನೋಡದವರಿಗಾಗಿ ಎರಡು ಮಾತು. ಗೊಂಬೆ ಮಾಡುವ ಚಿತ್ರಗಾರರ ಮನೆಗಳಲ್ಲಿ ಹಗುರವಾದ ಕಟ್ಟಿಗೆಯನ್ನು ಮಾವು, ಬಾಳೆ, ಸೀತಾಫಲಗಳ ಆಕಾರಕ್ಕೆ ಕೆತ್ತುತ್ತಾರೆ. ಅದರ ಮೇಲೆ ಅರಿವೆ, ಹುಣಸೆಬೀಜದ ಅಂಟು, ಆಮೇಲೆ ನುಣ್ಣಗೆ ಅರೆದ ಸುಣ್ಣದ ಪದರ, ಕೊನೆಗೆ ಬಣ್ಣ. ಮೂರು ಮೊಳ ದೂರದಿಂದ ನಿಜವಾದ ಹಣ್ಣು ಯಾವುದು, ಮಾಡಿದ್ದು ಯಾವುದು ಎಂದು ಹೇಳುವುದು ಕಷ್ಟ. ಇವು ಬಹುಪಾಲು ಹೋಗುತ್ತಿದ್ದುದು ಮದುವೆಯ ರುಖವತ್ತಿಗೆ. ಹೆಣ್ಣಿನ ಮನೆಯವರು ಬೀಗರ ಮುಂದೆ ತಿಂಡಿ ತಿನಿಸು, ಕಸೂತಿ, ಬಗೆಬಗೆಯ ಕೈಕೆಲಸಗಳನ್ನು ತಟ್ಟೆಗಳಲ್ಲಿ ಸಾಲಾಗಿ ಇಡುವುದಕ್ಕೆ ರುಖವತ್ತು ಎನ್ನುತ್ತಾರೆ. ಆ ಸಾಲಿನಲ್ಲಿ ಒಂದು ತಟ್ಟೆ ಈ ಹಣ್ಣುಗಳದು. ಬೀಗರ ಪೈಕಿ ಯಾರಾದರೂ ಒಬ್ಬರು ಮೋಸಹೋಗಿ ಕೈಹಾಕಬೇಕು, ಎಲ್ಲರೂ ನಗಬೇಕು, ಅಷ್ಟೇ ಅದರ ಉಪಯೋಗ. ಮದುವೆ ಮುಗಿದ ಮೇಲೆ ಗಾಜಿನ ಕಪಾಟಿಗೆ ಹೋಗುತ್ತವೆ. ಯಾರೂ ಅವುಗಳ ಜೊತೆ ಆಡುವುದಿಲ್ಲ.

ನಮ್ಮ ಪೇಢಿಗೆ ಮಾಲು ಮಾಡಿಕೊಡುತ್ತಿದ್ದವರು ತಿಮ್ಮಣ್ಣ ಮತ್ತು ಅವರ ಹೆಂಡತಿ ಯಮುನವ್ವ. ಕೆತ್ತುವುದು ತಿಮ್ಮಣ್ಣ, ಬಣ್ಣ ಅರೆಯುವುದು ಮತ್ತು ಹಚ್ಚುವುದು ಇಬ್ಬರೂ. ಮಾವಿನ ಹಳದಿ ಅವರ ಮನೆಯ ಹೆಸರುವಾಸಿ ಕೆಲಸ. ಆ ಹಳದಿಯ ಮೇಲೆ ಹೊಸದಾಗಿ ಕಿತ್ತ ಹಣ್ಣಿನ ಮೇಲಿರುವಂಥ ತೆಳ್ಳನೆಯ ಹುಡಿ ಕಾಣುತ್ತಿತ್ತು. ಎಣ್ಣೆಯನ್ನಾಗಲಿ ಅರಗನ್ನಾಗಲಿ ಮೇಲೆ ಹಚ್ಚಿದರೆ ಆ ಹುಡಿ ಸತ್ತುಹೋಗುತ್ತದೆ. ಆದ್ದರಿಂದ ರುಖವತ್ತಿನ ಮಾವಿಗೆ ಮೇಲುಹೊದಿಕೆ ಇರುವುದಿಲ್ಲ; ಬಣ್ಣ ಹಾಗೆಯೇ ತೆರೆದುಕೊಂಡಿರುತ್ತದೆ.

ಫೆಬ್ರುವರಿಯ ಎರಡನೆಯ ವಾರದಲ್ಲಿ ನಾನು ಹೊಸ ಮಾವನ್ನು ಬರೆದೆ. ನಮೂನೆಯ ಹಾಳೆ ಎಂದು ಕರೆಯುತ್ತಿದ್ದ ಕಾಗದದಲ್ಲಿ ಮೇಲೆ ಚಿತ್ರ, ಕೆಳಗೆ ಅಳತೆ, ಬಣ್ಣ, ಎಷ್ಟು ಡಜನ್ ಎಂಬ ಲೆಕ್ಕ ಇರುತ್ತಿತ್ತು. ಹಣ್ಣು ಎರಡೂವರೆ ಇಂಚು. ತುದಿ ಕಿರಿದು. ಒಳಗೆ ಟೊಳ್ಳು ಮಾಡಿ ನಾಲ್ಕು ಹರಳು. ತೊಟ್ಟಿನ ಜಾಗದಲ್ಲಿ ಎಂಟು ತಿಂಗಳ ಕೂಸಿನ ಮುಷ್ಟಿಗೆ ಸರಿಯಾಗುವ ಹಿಡಿಕೆ. ಅಲ್ಲಾಡಿಸಿದರೆ ಸಪ್ಪಳ ಮಾಡುವ ಗಿಲಕಿ. ಮುಷ್ಟಿಯ ಅಳತೆಗೆ ನಾನು ನೆರೆಮನೆಯ ಕೂಸಿನ ಕೈಯನ್ನು ಕಾಗದದ ಮೇಲೆ ಇರಿಸಿ ಗೆರೆ ಎಳೆದುಕೊಂಡಿದ್ದೆ. ಅಷ್ಟು ಜಾಗರೂಕಳಾಗಿದ್ದೆ. ಬಣ್ಣದ ಅಂಕಣದಲ್ಲಿ ಹೀಗೆ ಬರೆದೆ: "ರುಖವತ್ತಿನ ಮಾವಿನ ಹಳದಿಯೇ ಬೇಕು. ಮೇಲೆ ಅರಗು ಬೇಡ." ಹುಡಿ ಉಳಿಯಬೇಕೆಂಬುದು ನನ್ನ ಆಸೆ. ಅದು ಚಂದ ಕಾಣುತ್ತಿತ್ತು.

ಹಾಳೆ ತೆಗೆದುಕೊಂಡು ಹೋದಾಗ ತಿಮ್ಮಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇಷ್ಟ ಸಣ್ಣದ್ಯಾಕ್ರಿ ಅಕ್ಕಾರ? ಮ್ಯಾಲ ಹಿಡಕಿ ಬ್ಯಾರೆ. ರುಖವತ್ತಿನ ಹಣ್ಣಿಗೆ ಹಿಡಕಿ ಇರೂದಿಲ್ಲಲ್ರಿ."

ಮುಂಬಯಿ ಗಿರಾಕಿಗಳಿಗೆ ಹೀಗೇ ಬೇಕಂತೆ ಎಂದೆ.

"ಮುಂಬೈ ಮಂದಿ ಮಾವಿನಹಣ್ಣಿಗೆ ಹಿಡಕಿ ಕೇಳತಾರು. ನಾಳೆ ಹಲಸಿನಹಣ್ಣಿಗೆ ಗಾಲಿ ಕೇಳ್ಯಾರು ತಗೋರಿ," ಎಂದು ಅವರು ನಕ್ಕರು. ಯಮುನವ್ವ ಒಳಗಿನಿಂದಲೇ, ಗಾಲಿ ಹಚ್ಚಿದರೆ ಹೊತ್ತೊಯ್ಯುವ ಕಷ್ಟವಾದರೂ ತಪ್ಪುತ್ತದೆ ಎಂದರು. ನಾನೂ ನಕ್ಕೆ. ಇದು ಕೂಸಿಗೆ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಮುಚ್ಚಿಡಬೇಕೆಂದಲ್ಲ. ಹಾಳೆಯಲ್ಲಿ ಅಳತೆಗೆ ಅಂಕಣವಿತ್ತು, ಬಣ್ಣಕ್ಕೆ ಇತ್ತು, ಡಜನ್ನಿಗೆ ಇತ್ತು. ಯಾರ ಕೈಗೆ ಎಂಬುದಕ್ಕೆ ಇರಲಿಲ್ಲ. ನಾನು ಹಾಳೆಯನ್ನು ತುಂಬಿ ಕೊಟ್ಟೆ. ಹರಳು ಹಾಕಿದ್ದೇಕೆ ಎಂದು ಅವರು ಕೇಳಲಿಲ್ಲ. ಬೀಗರನ್ನು ಬೆಚ್ಚಿಬೀಳಿಸಲು ಹೊಸ ಚೇಷ್ಟೆಯೆಂದು ತಿಳಿದಿದ್ದರಂತೆ. ಅದು ನನಗೆ ಗೊತ್ತಾದದ್ದು ಮೇ ತಿಂಗಳಲ್ಲಿ.

ಮಾರ್ಚಿನಲ್ಲಿ ಜಾಹೀರಾತಿನ ಚೀಟಿ ಆಯಿತು. ಬೆಳಗಾವಿಯ ಒಂದು ಲಿಥೋ, ಅಂದರೆ ಕಲ್ಲಚ್ಚಿನ, ಪ್ರೆಸ್ಸಿನಲ್ಲಿ ಎರಡು ಬಣ್ಣದಲ್ಲಿ ಹಾಕಿಸಿದೆವು. ಯುದ್ಧದಿಂದಾಗಿ ಕಾಗದಕ್ಕೆ ಬಿಗಿ. ನಾಲ್ಕು ಪುಟದ ಕ್ಯಾಟಲಾಗು ಎಂದುಕೊಂಡದ್ದು ಅಂಗೈಯಗಲದ ಒಂದು ಚೀಟಿಗೆ ಇಳಿಯಿತು. ನಾನು ಬರೆದಿದ್ದ ಹನ್ನೆರಡು ಸಾಲಿನ ವಿವರಣೆಯಲ್ಲಿ ಸಾಹುಕಾರರು ಹನ್ನೊಂದನ್ನು ಹೊಡೆದುಹಾಕಿದರು. ಊರ ಹೆಂಗಸರು ಓದುವುದಿಲ್ಲ, ಚಿತ್ರ ನೋಡುತ್ತಾರೆ, ಚಿತ್ರ ದೊಡ್ಡದಿರಲಿ ಎಂದರು. ಆ ಮಾತಿಗೆ ನಾನು ಒಪ್ಪಿದೆ. ಈಗಲೂ ಅದು ಸರಿಯಾದ ಮಾತೇ.

ಚಿತ್ರ ನನ್ನದು. ದುಂಡನೆಯ ಕೂಸು ಕಾಲು ಚಾಚಿ ಕುಳಿತಿದೆ, ಎರಡೂ ಕೈಯಲ್ಲಿ ಹಿಡಿಕೆ, ಮಾವಿನ ಕಿರಿದಾದ ತುದಿ ಬಾಯಲ್ಲಿ. ಪುಣೆಯಲ್ಲಿದ್ದಾಗ ಪರದೇಶದ ಪತ್ರಿಕೆಗಳಲ್ಲಿ ಸೆಲ್ಯುಲಾಯಿಡ್ ಬಳೆ ಕಚ್ಚುತ್ತಿರುವ ಕೂಸುಗಳ ಜಾಹೀರಾತು ನೋಡಿದ್ದೆ. ಆ ಭಂಗಿ ಕೈಯಲ್ಲಿ ಕೂತಿತ್ತು. ಆ ಬಳೆಯನ್ನು ಮಾಡಿದ್ದೇ ಕಚ್ಚಲೆಂದು. ನಮ್ಮ ಮಾವನ್ನು ಮಾಡಿದ್ದು ನೋಡಲೆಂದು. ಈ ಭೇದ ಭಂಗಿಯಲ್ಲಿ ಕಾಣುವುದಿಲ್ಲ. ಕೂಸಿನ ಬಾಯಲ್ಲಿ ಏನಾದರೂ ಇದ್ದರೆ ಚಿತ್ರ ಮುದ್ದಾಗಿ ಕಾಣುತ್ತದೆ, ಇಷ್ಟೇ ನನ್ನ ಯೋಚನೆ. ಚೀಟಿಯನ್ನು ಪ್ರತಿ ಗಿಲಕಿಯ ಹಿಡಿಕೆಗೆ ನೂಲಿನಿಂದ ಕಟ್ಟಿದ್ದು ಪೇಢಿಯ ಗೋದಾಮಿನಲ್ಲಿ. ತಿಮ್ಮಣ್ಣ ಅದನ್ನು ನೋಡಲೇ ಇಲ್ಲ. ತೋರಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಏಪ್ರಿಲಿನಲ್ಲಿ ಇಪ್ಪತ್ತು ಡಜನ್ ಹೊರಬಿದ್ದವು. ಮುಂಬಯಿಗೆ ಎಂಟು ಡಜನ್, ಹುಕ್ಕೇರಿಯ ಒಂದು ಅಂಗಡಿಗೆ ಐದು, ಮೂಡಲಗಿಗೆ ಮೂರು, ಗೋಕಾಕದ ನಮ್ಮ ಮಳಿಗೆಗೆ ನಾಲ್ಕು. ಮಾಲು ಚೆನ್ನಾಗಿ ಹೋಯಿತು. ಸಾಹುಕಾರರು ಇನ್ನೂ ಇಪ್ಪತ್ತು ಡಜನ್ನಿಗೆ ಹೇಳಿದರು. ನನ್ನ ಚೀಟಿಯನ್ನು ಯಾರೋ ಗೋಡೆಗೆ ಅಂಟಿಸಿಕೊಂಡಿದ್ದಾರೆಂದು ಕೇಳಿ ನಾನು ಸಂತೋಷಪಟ್ಟೆ ಎಂಬುದನ್ನೂ ಬರೆದಿಡುತ್ತೇನೆ.

ಮೇ ತಿಂಗಳ ಮೊದಲ ವಾರ ದವಾಖಾನೆಯ ಡಾಕ್ಟರರು ಪೇಢಿಗೆ ಆಳು ಕಳಿಸಿದರು. ಸಾಹುಕಾರರು ಬೆಳಗಾವಿಗೆ ಹೋಗಿದ್ದರು, ನಾನು ಹೋದೆ. ಹಾಸಿಗೆಯ ಮೇಲೆ ಎಂಟು ತಿಂಗಳ ಹೆಣ್ಣು ಕೂಸು, ಹೆಸರು ನೀಲವ್ವ. ಮೂರು ದಿನದಿಂದ ವಾಂತಿ, ಭೇದಿ. ಕಣ್ಣು ಒಳಗೆ ಹೋಗಿದ್ದವು. ಪಕ್ಕದಲ್ಲಿ ತಾಯಿ ಗಂಗವ್ವ. ಮೂಡಲಗಿಯಿಂದ ಮೋಟಾರಿನಲ್ಲಿ ಕರೆತಂದಿದ್ದಳು. ಡಾಕ್ಟರರ ಮೇಜಿನ ಮೇಲೆ ನನ್ನ ಮಾವು ಇತ್ತು. ಅದರ ತುದಿಯಲ್ಲಿ ಹಳದಿ ಇರಲಿಲ್ಲ. ಕೆಳಗಿನ ಸುಣ್ಣ, ಅದರ ಕೆಳಗಿನ ಅರಿವೆಯ ಎಳೆ ಕಾಣುತ್ತಿದ್ದವು.

"ಈ ಹಳದಿ ಯಾವುದ್ರಿ?" ಎಂದು ಡಾಕ್ಟರರು ಕೇಳಿದರು.

"ಗೊತ್ತಿಲ್ಲ," ಎಂದೆ.

"ಗೊತ್ತಿಲ್ಲದ ಬಣ್ಣಾನ ಕೂಸಿನ ಬಾಯಿಗೆ ಕೊಟ್ರೇನು?"

ನಾನು ಉತ್ತರ ಕೊಡುವ ಮೊದಲೇ ಗಂಗವ್ವ ಮಾತಾಡಿದಳು. ಅವಳಿಗೆ ಡಾಕ್ಟರರು ತನ್ನನ್ನೇ ಬೈಯುತ್ತಿದ್ದಾರೆ ಎನ್ನಿಸಿತ್ತು. "ಹಲ್ಲ ಬರಾಕತ್ತಿದ್ವು, ಅದಕ್ಕ ಕಡೀತಾಳ ಅಂತ ಬಿಟ್ಟೆನ್ರಿ. ಚಿತ್ರದಾಗಿನ ಕೂಸೂ ಕಡ್ಯಾಕತ್ತಿತ್ತಲ್ರಿ. ಕಡ್ಯಾಕ ಮಾಡಿದ್ದ ಐತಿ ಅಂತ ತಿಳದೆ."

ನಾನು ದವಾಖಾನೆಯಿಂದ ನೇರವಾಗಿ ತಿಮ್ಮಣ್ಣನ ಮನೆಗೆ ಹೋದೆ. ಕೈಯಲ್ಲಿ ಚೀಟಿ ಇತ್ತು. ಹಳದಿ ಯಾವುದೆಂದು ಕೇಳಿದೆ. ಹರತಾಳ ಎಂದರು. ನೆಲದಿಂದ ಸಿಗುವ ಹಳದಿ ಕಲ್ಲು, ಅರೆದು ಗೋಂದಿನಲ್ಲಿ ಕಲಸುತ್ತಾರೆ. ಅದರಲ್ಲಿ ಪಾಷಾಣ, ಅಂದರೆ ಆರ್ಸೆನಿಕ್ ವಿಷ, ಇರುತ್ತದೆ. ಕೆಂಪು ಭಾಗಕ್ಕೆ ಸಿಂಧೂರ, ಅದರಲ್ಲಿ ಸೀಸ. ಇದನ್ನು ಹೇಳುವಾಗ ಅವರಲ್ಲಿ ಮುಚ್ಚುಮರೆ ಇರಲಿಲ್ಲ. ಉಪ್ಪು ಉಪ್ಪಾಗಿದೆ ಎಂದು ಹೇಳುವ ಹಾಗೆ ಹೇಳಿದರು. ಆಮೇಲೆ ನಾನು ಚೀಟಿ ಕೊಟ್ಟೆ. ಅವರು ಅದನ್ನು ನೋಡಿದರು. ಹೆಂಡತಿಯ ಕೈಗೆ ಕೊಟ್ಟರು.

"ನಮ್ಮ ಕೂಸುಗೋಳ್ನ ನಾವು ಬಣ್ಣದ ಕ್ವಾಣಿ ಹೊಚ್ಚಲಾ ದಾಟಾಕ ಬಿಡೂದಿಲ್ಲ," ಎಂದರು ಯಮುನವ್ವ. "ಬಣ್ಣಾ ಅರದ ಕೈಯಾಗ ರೊಟ್ಟಿ ತಟ್ಟೂದಿಲ್ಲ, ಬೂದಿ ಹಚ್ಚಿ ತಿಕ್ಕೊಂಡ ಮ್ಯಾಲನ ಒಲಿ ಮುಂದ ಹೋಗೂದು. ಇದು ನಿಮಗ ಗೊತ್ತಿರಲಿಲ್ಲೇನ್ರಿ?"

"ಗೊತ್ತಿರಲಿಲ್ಲ."

"ಓದಿದಾವ್ರು ಅಂತ ನಾವೂ ಹೇಳಲಿಲ್ಲ."

ತಿಮ್ಮಣ್ಣ ಕೇಳಿದ್ದು ಒಂದೇ. "ಈ ಚೀಟಿ ನನಗ ಯಾಕ ತೋರಸಲಿಲ್ರಿ ಅಕ್ಕಾರ? ಕೂಸಿಗೆ ಅಂದಿದ್ರ ಹರತಾಳ ಮುಟ್ಟತಿದ್ದಿಲ್ಲ. ಅರಿಷಿಣ ಹಚ್ಚಿ ಮ್ಯಾಲ ಅರಗ ಹಿಡಸತಿದ್ದೆ. ಅದೇನ ದೊಡ್ಡ ಕೆಲಸ?"

ಹೌದು, ದೊಡ್ಡ ಕೆಲಸವಾಗಿರಲಿಲ್ಲ. ಉಪಾಯ ಆ ಮನೆಯಲ್ಲೇ ಇತ್ತು, ಕೇಳಿದ್ದರೆ ಅರ್ಧ ನಿಮಿಷದಲ್ಲಿ ಸಿಗುತ್ತಿತ್ತು. ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಹೇಳಿರಲಿಲ್ಲ. ನನಗೆ ಗೊತ್ತಿಲ್ಲದ್ದು ನನಗೇ ಗೊತ್ತಿರಲಿಲ್ಲ, ಆದ್ದರಿಂದ ನಾನು ಕೇಳಿರಲಿಲ್ಲ. ಈ ಲೆಕ್ಕದಲ್ಲಿ ಯಾರೂ ಕೆಟ್ಟವರಿಲ್ಲ ಎಂದು ಕೆಲವರು ನನಗೆ ಸಮಾಧಾನ ಹೇಳಿದ್ದುಂಟು. ಆ ಸಮಾಧಾನವನ್ನು ನಾನು ತೆಗೆದುಕೊಂಡಿಲ್ಲ. ಅಷ್ಟು ಹೊತ್ತಿಗೆ ಉಳಿದ ಗಿಲಕಿಗಳು ಕೂಸುಗಳ ಕೈಯಲ್ಲಿ ಇದ್ದವು, ಅಂಗಡಿಗಳಲ್ಲಿ ತೂಗುತ್ತಿದ್ದವು. ಅವನ್ನು ಹಿಂದಕ್ಕೆ ತರುವುದೊಂದೇ ಕೆಲಸ. ಮರುದಿನ ಬೆಳಿಗ್ಗೆ ಸಾಹುಕಾರರು ಬರುವುದನ್ನೇ ಕಾದು ಕುಳಿತೆ.

ಅವರು ಪೂರ್ತಿ ಕೇಳಿಸಿಕೊಂಡರು. ಕೂಸು ಬದುಕಿದೆಯೇ ಎಂದು ಮೊದಲು ವಿಚಾರಿಸಿದರು. ಬದುಕಿದೆ ಎಂದೊಡನೆ ದನಿ ಬದಲಾಯಿತು. ಬೇಸಗೆಯಲ್ಲಿ ಯಾವ ಕೂಸಿಗೆ ಭೇದಿಯಾಗುವುದಿಲ್ಲ ಎಂದರು. ಮಾಲು ಹಿಂದಕ್ಕೆ ತರಿಸಿದರೆ ಊರೆಲ್ಲ ಪೇಢಿಯ ಕಡೆ ಬೆರಳು ಮಾಡುತ್ತದೆ ಎಂದರು. ಚೀಟಿಯನ್ನು ಮೇಜಿನ ಮೇಲೆ ಇಟ್ಟು ನಾನು ಅದರ ಕಡೆ ತೋರಿಸಿದೆ.

"ಬಾಯಾರ, ಕೂಸಿನ ಬಾಯಾಗ ಹಾಕ್ರಿ ಅಂತ ನಾವು ಎಲ್ಲಿ ಬರದೇವ್ರಿ? ತೋರಸ್ರಿ."

"ಬರದಿಲ್ರಿ. ಚಿತ್ರಾ ತಗದೇವಿ."

"ಚಿತ್ರಾ ಅಂದ್ರ ಚಂದಕ್ಕ ಇರ್ತಾವು."

ನಾನು ಯಾರ ಮುಂದೆಯೂ ದನಿ ಎತ್ತುವವಳಲ್ಲ. ಅಂದೂ ಎತ್ತಲಿಲ್ಲ. ಆದರೆ ಆ ಮಾತನ್ನು ಇವತ್ತಿಗೂ ಮರೆತಿಲ್ಲ. ಮಾರುವಾಗ ಚಿತ್ರವೇ ಎಲ್ಲ, ಅಕ್ಷರ ಬೇಡ ಎಂದವರು. ಉತ್ತರ ಹೇಳುವಾಗ ಅಕ್ಷರವೇ ಎಲ್ಲ, ಚಿತ್ರ ಏನೂ ಅಲ್ಲ. ಆಮೇಲೆ ಅವರು ನನ್ನ ಮುಂದೆ ಬಿಳಿ ಕಾಗದ ಇಟ್ಟರು. ಪೇಢಿ ಹೇಳಿದ ಬಣ್ಣವನ್ನು ಬಿಟ್ಟು ಚಿತ್ರಗಾರನು ತನ್ನ ಮನಸ್ಸಿಗೆ ಬಂದ ಬಣ್ಣ ಹಾಕಿದ್ದಾನೆಂದು ನಾನು ಬರೆದು ಸಹಿ ಮಾಡಬೇಕು. ಡಾಕ್ಟರರು ಕೇಳಿದರೆ ತೋರಿಸಲಿಕ್ಕೆ.

ನಮೂನೆಯ ಹಾಳೆಯನ್ನು ಕಪಾಟಿನಿಂದ ತೆಗೆದು ಆ ಬಿಳಿ ಕಾಗದದ ಮೇಲೆ ಇಟ್ಟೆ. "ರುಖವತ್ತಿನ ಮಾವಿನ ಹಳದಿಯೇ ಬೇಕು" ಎಂಬುದು ನನ್ನ ಅಕ್ಷರದಲ್ಲಿತ್ತು, ಕೆಳಗೆ ನನ್ನ ಸಹಿ ಇತ್ತು. ಬಣ್ಣ ಹೇಳಿದವಳು ನಾನು, ಅರಗು ಬೇಡವೆಂದವಳೂ ನಾನೇ ಎಂದೆ. ಅವರು ಹಾಳೆಗೆ ಕೈಚಾಚಿದರು. ನಾನು ಅದನ್ನು ಮಡಚಿ ನನ್ನ ಪುಸ್ತಕದೊಳಗೆ ಇಟ್ಟುಕೊಂಡೆ. ನಾಳೆಯಿಂದ ಬರಬೇಡಿರೆಂದು ಅವರು ಹೇಳುವ ಮೊದಲೇ ಹೊರಟಿದ್ದರೆ ಈ ಕಥೆಯಲ್ಲಿ ನನಗೆ ಸ್ವಲ್ಪ ಮರ್ಯಾದೆ ಸಿಗುತ್ತಿತ್ತು. ಅವರು ಹೇಳಿದ ಮೇಲೆಯೇ ಹೊರಟೆ. ಹಾಳೆಯನ್ನು ಡಾಕ್ಟರರಿಗೆ ಕೊಟ್ಟೆ.

ಅಂದೇ ಮುಂಬಯಿಯ ಅಂಗಡಿಗೆ ತಂತಿ ಕಳಿಸಿದೆ: ಮಾಲು ಮಾರಬೇಡಿ, ಬಣ್ಣದಲ್ಲಿ ವಿಷ. ಆಮೇಲೆ ತಿಮ್ಮಣ್ಣ ಮತ್ತು ನಾನು ಮೂಡಲಗಿಗೆ ಹೊರಟೆವು. ಪೆಟ್ರೋಲು ಸಿಗದ ದಿನಗಳು. ಮೋಟಾರು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಅರಭಾವಿಯ ಹತ್ತಿರ ನಿಂತುಹೋಯಿತು, ಎಲ್ಲರೂ ಇಳಿದು ದೂಡಿದೆವು. ತಿಮ್ಮಣ್ಣನ ಜೋಳಿಗೆಯಲ್ಲಿ ಬಣ್ಣ ಹಚ್ಚದ ಗಿಲಕಿಗಳಿದ್ದವು. ಎರಡನೆಯ ಇಪ್ಪತ್ತು ಡಜನ್ನಿಗೆಂದು ಕೆತ್ತಿಟ್ಟಿದ್ದ ಬರಿಯ ಕಟ್ಟಿಗೆಯವು. ಕೂಸಿನ ಕೈಯಿಂದ ಒಂದನ್ನು ತೆಗೆದುಕೊಂಡರೆ ಇನ್ನೊಂದನ್ನು ಕೊಡಬೇಕು, ಇಲ್ಲದಿದ್ದರೆ ತಾಯಂದಿರು ಬಿಡುವುದಿಲ್ಲ ಎಂದು ಅವರೇ ಯೋಚಿಸಿದ್ದರು.

ಮನೆಮನೆಗೂ ಹೋದೆವು. ಯಾರು ಕೊಂಡಿದ್ದಾರೆ ಎಂಬುದು ಅಂಗಡಿಯವನಿಗೆ ನೆನಪಿತ್ತು. ಒಂದೊಂದು ಮನೆಯಲ್ಲೂ ಕೂಸು ಹಳದಿ ಮಾವನ್ನು ಬಿಟ್ಟು ಬರಿಯ ಕಟ್ಟಿಗೆಯನ್ನು ಹಿಡಿಯಿತು, ಅಲ್ಲಾಡಿಸಿತು, ಹಾಗೆಯೇ ನಕ್ಕಿತು. ಅವಕ್ಕೆ ಬೇಕಾಗಿದ್ದುದು ಸಪ್ಪಳ. ಹಳದಿ ಯಾವ ಕೂಸಿಗೂ ಬೇಕಿರಲಿಲ್ಲ. ಅದು ಅಂಗಡಿಯಲ್ಲಿ ನಿಂತ ದೊಡ್ಡವರಿಗೆ ಬೇಕಾಗಿತ್ತು. ನಾನು ಚಂದಕ್ಕೆಂದು ಉಳಿಸಿದ ಹುಡಿ ಯಾರಿಗಾಗಿ ಎಂಬುದನ್ನು ಮೂಡಲಗಿಯ ಆ ಅಂಗಳಗಳಲ್ಲಿ ನೋಡಿದೆ. ನೋಡಿದಷ್ಟೂ ಸಿಟ್ಟು ಬಂತು.

ಹುಕ್ಕೇರಿಯಲ್ಲಿ ಸುಲಭವಾಗಲಿಲ್ಲ. ಎರಡು ದಿನದ ಮೇಲೆ ಬೆಲ್ಲದ ಬಾಗೇವಾಡಿಯ ದಾರಿಯಿಂದ ಅಲ್ಲಿಗೆ ಹೋದೆವು. ಸಂತೆಯ ದಿನ. ಅಂಗಡಿಯ ಮುಂದೆ ಒಂದು ದಾರಕ್ಕೆ ಹದಿನೈದು ಇಪ್ಪತ್ತು ಮಾವು ತೂಗುಹಾಕಿದ್ದರು. ಬಿಸಿಲಿನಲ್ಲಿ ಅವು ಬಹಳ ಚಂದ ಕಾಣುತ್ತಿದ್ದವು. ನಾನು ವಿಷಯ ಹೇಳಿದೆ. ಸಾಹುಕಾರರಿಂದ ಅಂಗಡಿಯವನಿಗೆ ಮೊದಲೇ ಕಾಗದ ಬಂದಿತ್ತು: ಕೆಲಸ ಬಿಡಿಸಿದ ಒಬ್ಬ ಹೆಣ್ಣುಮಗಳು ಬಂದು ಗದ್ದಲ ಮಾಡಬಹುದು, ಲಕ್ಷ್ಯ ಕೊಡಬೇಡ ಎಂದು. "ಸಾವಕಾರ್ರ ಚೀಟಿ ಇಲ್ದ ನಾ ಮಾಲ ಹೆಂಗ ಕೊಡ್ಲಿ ಅಕ್ಕಾರ?" ಎಂದ. ಅವನು ಕೆಟ್ಟವನಲ್ಲ. ನಾನು ಪುಸ್ತಕದ ಕನ್ನಡದಲ್ಲಿ ಪಾಷಾಣ, ಸೀಸ ಎಂದು ವಿವರಿಸುತ್ತಲೇ ಇದ್ದೆ. ಸುತ್ತ ನಿಂತ ಹೆಂಗಸರು ನನ್ನ ಕನ್ನಡಕ ನೋಡುತ್ತಿದ್ದರು.

ತಿಮ್ಮಣ್ಣ ಅಂಗಡಿಯವನಿಂದ ಒಂದು ತಂಬಿಗೆ ನೀರು ಕೇಳಿ ತೆಗೆದುಕೊಂಡರು. ತಮ್ಮ ಧೋತರದ ಚುಂಗನ್ನು ಅದರಲ್ಲಿ ಅದ್ದಿದರು. ದಾರದಿಂದ ಒಂದು ಮಾವನ್ನು ಕಳಚಿ ಎಲ್ಲರಿಗೂ ಕಾಣುವಂತೆ ಹಿಡಿದು ಉಜ್ಜಿದರು. ಬಿಳಿ ಬಟ್ಟೆ ಹಳದಿಯಾಯಿತು. ಅದನ್ನು ಬಿಚ್ಚಿ ತೋರಿಸಿದರು.

"ನೋಡ್ರೆವ್ವಾ, ಇದು ಹರತಾಳ. ಸುಣ್ಣದಾಗ ಕಲಸಿ ತೊಗಲಿನ ಕೂದ್ಲಾ ಉದುರಸ್ತಾರಲ್ಲ, ಅದ. ಇದನ್ನ ಮಾಡಿದಾಂವ ನಾನ. ರುಖವತ್ತಿನ್ಯಾಗ ಇಡ್ರಿ, ಕಪಾಟಿನ್ಯಾಗ ಇಡ್ರಿ. ಕೂಸಿನ ಕೈಯಾಗ ಮಾತ್ರ ಕೊಡಬ್ಯಾಡ್ರಿ."

ಹುಕ್ಕೇರಿಯ ಸಂತೆಯಲ್ಲಿ ಒಬ್ಬ ಚಿತ್ರಗಾರ ತನ್ನ ಕೈಕೆಲಸವನ್ನು ತಾನೇ ಹೀಗೆ ಉಜ್ಜಿ ತೋರಿಸಿದ. ಎರಡು ತಲೆಮಾರಿನ ಹೆಸರು ಆ ಚುಂಗಿನಲ್ಲಿ ಅಳಿಸಿಹೋಗುವುದು ಅವರಿಗೆ ಗೊತ್ತಿತ್ತು. ಒಬ್ಬ ಮುದುಕಿ ಮುಂದೆ ಬಂದು, "ಅಷ್ಟ ತಿಳದಾಂವ ಮಾಡೂದರ ಯಾಕ ಮಾಡಿದ್ಯೋ ಯಪ್ಪಾ? ಕೈಯಾಗ ಹುಳಾ ಬೀಳಲಿ ನಿನಗ," ಎಂದಳು. ತಿಮ್ಮಣ್ಣ ತಲೆ ತಗ್ಗಿಸಿದರು. ನಾನು ಎರಡು ಮೊಳ ದೂರದಲ್ಲಿದ್ದೆ. ಹೀಗೆ ಮಾಡಿರೆಂದು ಹೇಳಿದವಳು ನಾನು, ಅವರಿಗೆ ಕೂಸಿಗೆಂದು ಗೊತ್ತಿರಲಿಲ್ಲ ಎಂದು ಕೇಳುವಂತೆಯೇ ಹೇಳಿದೆ. ಮುದುಕಿ ನನ್ನ ಸೀರೆ, ಕನ್ನಡಕ, ಕೈಯಲ್ಲಿದ್ದ ಪುಸ್ತಕ ನೋಡಿದಳು. "ನೀ ಸುಮ್ನಿರವ್ವಾ, ಇಂಥಾವ್ರ ಪರ ಹಿಡದ ಮಾತಾಡಬ್ಯಾಡ," ಎಂದು ಮತ್ತೆ ತಿಮ್ಮಣ್ಣನ ಕಡೆ ತಿರುಗಿದಳು. ಅಂಗಡಿಯವನು ದಾರ ಬಿಚ್ಚಿದ.

ಗೋಕಾಕದ ಮಳಿಗೆಯ ಮಾಲನ್ನು ಡಾಕ್ಟರರು ಹೇಳಿ ನಿಲ್ಲಿಸಿದರು. ಮೂರೂ ಊರು ಸೇರಿ ನೂರಾ ನಲವತ್ನಾಲ್ಕು ಹೋಗಿದ್ದವು. ನೂರಾ ಇಪ್ಪತ್ತೇಳು ಸಿಕ್ಕವು. ತಿಮ್ಮಣ್ಣ ಅವನ್ನು ಮನೆಯ ಹಿಂದೆ ಆಳವಾದ ಕುಣಿ ತೋಡಿ ಹೂತರು. ಹದಿನೇಳು ಎಲ್ಲಿ ಹೋದವೋ ತಿಳಿಯಲಿಲ್ಲ. ಸಂತೆಗೆ ಬಂದವರು ಯಾವ ಊರಿಗೆ ಒಯ್ದರೋ. ಕೌಜಲಗಿಯ ಕಡೆಯವರು ಎರಡು ಕೊಂಡಿದ್ದರೆಂದು ಕೇಳಿ ಅಲ್ಲಿಗೂ ಹೋಗಿ ಬಂದೆವು, ಸಿಗಲಿಲ್ಲ. ಮುಂಬಯಿಯಿಂದ ನನ್ನ ತಂತಿಗೆ ಉತ್ತರ ಬರಲಿಲ್ಲ. ಸಾಹುಕಾರರು ಅದರ ಹಿಂದೆಯೇ ಇನ್ನೊಂದು ತಂತಿ ಕಳಿಸಿ ಮೊದಲಿನದು ಸುಳ್ಳೆಂದಿದ್ದರು ಎಂಬುದನ್ನು ಪೇಢಿಯ ಗುಮಾಸ್ತ ಆಮೇಲೆ ಹೇಳಿದ. ಆ ತೊಂಬತ್ತಾರು ಗಿಲಕಿಗಳ ಬಗ್ಗೆ ನನಗೆ ಇವತ್ತಿಗೂ ಏನೂ ಗೊತ್ತಿಲ್ಲ. ಮುಂಬಯಿಯಲ್ಲಿ ಆ ಬೇಸಗೆಯಲ್ಲಿ ಎಷ್ಟು ಕೂಸುಗಳಿಗೆ ಭೇದಿಯಾಯಿತು, ಎಷ್ಟು ತಾಯಂದಿರು ಬಿಸಿಲನ್ನು, ದೃಷ್ಟಿಯನ್ನು, ತಮ್ಮ ಎದೆಹಾಲನ್ನು ದೂರಿಕೊಂಡರು ಎಂದು ಯೋಚಿಸುವುದನ್ನು ನಾನು ಬಿಟ್ಟಿಲ್ಲ.

ಸಾಹುಕಾರರಿಗೆ ಏನೂ ಆಗಲಿಲ್ಲ. ಮಳೆಗಾಲದ ಹೊತ್ತಿಗೆ ಬೇರೆ ಊರಿನ ಕುಶಲಕರ್ಮಿಗಳಿಂದ ಮಾಲು ತರಿಸತೊಡಗಿದರು. ಚೀಟಿಯನ್ನು ಮಾತ್ರ ಬದಲಿಸಲಿಲ್ಲ. ಪ್ರೆಸ್ಸಿನ ಅಚ್ಚುಗಲ್ಲಿನ ಮೇಲೆ ಚಿತ್ರ ಇನ್ನೂ ಇತ್ತು, ಅದನ್ನೇ ಮತ್ತೆ ಅಚ್ಚು ಹಾಕಿಸಿದರು. ಆಗ ಹಾಕಿದ ಬಣ್ಣ ಯಾವುದೆಂದು ನಾನು ಕಾಗದ ಬರೆದು ಕೇಳಿದೆ. ಉತ್ತರವಿಲ್ಲ. ತಿಮ್ಮಣ್ಣನಿಗೆ ಮುಂದಿನ ಲಗ್ನದ ಹಂಗಾಮಿನಲ್ಲಿ ಹುಕ್ಕೇರಿ ಕಡೆಯಿಂದ ಒಂದು ರುಖವತ್ತಿನ ಕೆಲಸವೂ ಬರಲಿಲ್ಲ. ನೋಡಲಿಕ್ಕೆ ಇಡುವ ಹಣ್ಣಿನಿಂದ ಯಾರಿಗೂ ಏನೂ ಆಗುವುದಿಲ್ಲ, ಆದರೂ ಬರಲಿಲ್ಲ. ಅವರು ಒಕ್ಕಲುತನದ ಸಾಮಾನುಗಳ ಹಿಡಿಕೆ ಕೆತ್ತತೊಡಗಿದರು.

ಈಗ ನಾನು ಧಾರವಾಡದಲ್ಲಿ ಶಾಲೆಯ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಆರು ವರ್ಷವಾಯಿತು. ಈ ಕೆಲಸದಲ್ಲಿ ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಒಂದೇ: ವಸ್ತು ಹೇಗೆ ಕಾಣಬೇಕು ಎಂದು ಕೇಳುವ ಮೊದಲು ಅದು ಯಾರ ಕೈಗೆ ಹೋಗುತ್ತದೆ, ಆ ಕೈ ಅದನ್ನು ಏನು ಮಾಡುತ್ತದೆ ಎಂದು ಕೇಳಿ. ಕೇಳಿ ತಿಳಿದದ್ದನ್ನು ಮಾಡುವವನಿಗೆ ಬಾಯಿಬಿಟ್ಟು ಹೇಳಿ. ಅವರು ತಲೆದೂಗುತ್ತಾರೆ. ಆಮೇಲೆ ಚಿತ್ರ ಚಂದ ಬಂದಿದೆಯೇ ಎಂದು ನನ್ನನ್ನು ಕೇಳುತ್ತಾರೆ. ಆಗ ನನಗೆ ಬರುವ ಸಿಟ್ಟು ಅವರಿಗೆ ಅರ್ಥವಾಗುವುದಿಲ್ಲ.

ಗೋಕಾಕ ಬಿಡುವ ಮೊದಲು, ಜೂನ್ ತಿಂಗಳಲ್ಲಿ, ಇನ್ನೊಮ್ಮೆ ಮೂಡಲಗಿಗೆ ಹೋಗಿದ್ದೆ. ನೀಲವ್ವ ಬದುಕಿದ್ದಳು. ಕುಳಿತುಕೊಳ್ಳಲು ಕಲಿತಿದ್ದ ಕೂಸು ಅದನ್ನು ಮರೆತಿತ್ತು. ಗೋಡೆಗೆ ಕೌದಿ ಮಡಚಿ ಆನಿಸಿ ಕೂರಿಸಿದ್ದರು. ಗಂಗವ್ವ ಮಜ್ಜಿಗೆ ತಂದುಕೊಟ್ಟಳು. ಚಿತ್ರಗಾರನನ್ನು ಬೈದಳು, ಅಂಗಡಿಯವನನ್ನು ಬೈದಳು, ಕೂಸನ್ನು ಎತ್ತಿ ಆಡಿಸಿದ ನೆರೆಯವಳ ಕಣ್ಣನ್ನು ಬೈದಳು, ಎಲ್ಲಕ್ಕಿಂತ ಹೆಚ್ಚಾಗಿ ತನ್ನನ್ನು ಬೈದುಕೊಂಡಳು. ನಾನು ಹೇಳಬೇಕೆಂದು ಬಂದದ್ದನ್ನು ಹೇಳಿದೆ: ಹಿಡಿಕೆ ನನ್ನದು, ಆ ಹಳದಿ ಬೇಕೆಂದವಳು ನಾನು, ಅರಗು ಬೇಡವೆಂದವಳು ನಾನು, ಚೀಟಿಯಲ್ಲಿದ್ದ ಕೂಸನ್ನು ಬರೆದವಳೂ ನಾನೇ. ಬೈಯಲಿ ಎಂದು ಕಾದೆ.

ಅವಳು ಬರಿದಾದ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನೀವೇನ್ ಮಾಡೀರಿ ಬಿಡ್ರಿ ಅಕ್ಕಾರ," ಎಂದಳು. "ನೀವು ಬರೇ ಚಿತ್ರಾ ತಗದೀರಿ."

ಗಂಗವ್ವನಿಗೆ ಓದಲು ಬರುತ್ತಿರಲಿಲ್ಲ. ಅವಳ ಮನೆಗೆ ಬಂದ ಅಚ್ಚಿನ ಕಾಗದ ಅದೊಂದೇ. ಅದರಲ್ಲಿ ನಾನು ಹೇಗೆ ತೋರಿಸಿದ್ದೆನೋ ಹಾಗೆಯೇ ಅವಳು ತನ್ನ ಕೂಸಿಗೆ ಕೊಟ್ಟಿದ್ದಳು.